ಒಂದು ಅಂಗಡಿ ತರಿಸಿಕೊಡುತ್ತದೆ, ಇನ್ನೊಂದು ‘ಇಲ್ಲ’ ಅಂದುಬಿಡುತ್ತದೆ: ಯಾಕೆ?

ಮೆಡಿಕಲ್ ಶಾಪಿನಲ್ಲಿ ಮಾತ್ರೆ ಇಲ್ಲದಿದ್ದರೆ ಕೌಂಟರಿನ ಹುಡುಗ ಚೀಟಿಯ ಫೋಟೊ ಹೊಡೆದುಕೊಂಡು ‘ಸಂಜೆ ಬನ್ನಿ ಸಾರ್, ತರಿಸಿಟ್ಟಿರ್ತೀನಿ’ ಅನ್ನುತ್ತಾನೆ. ಅದೇ ರಸ್ತೆಯ ಸೂಪರ್‌ಮಾರ್ಕೆಟ್‌ನಲ್ಲಿ ನೀವು ವರ್ಷಗಟ್ಟಲೆ ಕೊಂಡ ಸೋಪು ಖಾಲಿಯಾಗಿದ್ದರೆ ಸಿಗುವ ಉತ್ತರ ‘ಗೊತ್ತಿಲ್ಲ ಸಾರ್, ಬಂದಾಗ ಬರುತ್ತೆ’. ಚಪ್ಪಲಿ ಅಂಗಡಿಯವರದ್ದು ಇನ್ನೂ ಚೆಂದ. ‘ನಿಮ್ಮ ಸೈಜು ಇಲ್ಲ, ಇದನ್ನೇ ತಗೊಳ್ಳಿ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ.’

ಇದನ್ನು ನಾವು ಸಾಮಾನ್ಯವಾಗಿ ಗುಣದ ಮೇಲೆ ಹಾಕುತ್ತೇವೆ. ಆ ಅಂಗಡಿಯವರು ಒಳ್ಳೆಯವರು, ಇವರಿಗೆ ಕೊಬ್ಬು, ಇತ್ಯಾದಿ. ಸ್ವಲ್ಪ ಅದೂ ಇರಬಹುದು. ಆದರೆ ಒಂದೇ ಮನುಷ್ಯ ಮೆಡಿಕಲ್ ಶಾಪ್ ಇಟ್ಟರೆ ತರಿಸಿಕೊಡುತ್ತಾನೆ, ಚಪ್ಪಲಿ ಅಂಗಡಿ ಇಟ್ಟರೆ ತರಿಸಿಕೊಡುವುದಿಲ್ಲ. ಎಲ್ಲ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ. ನೀವು ವಾಪಸ್ ಬರದಿದ್ದರೆ ಆ ಮಾಲು ಯಾರ ತಲೆಗೆ ಬೀಳುತ್ತದೆ? ನಿಮ್ಮ ಎದುರು ನಿಂತವನಿಗೆ ಆರ್ಡರ್ ಹಾಕುವ ಅಧಿಕಾರ ಇದೆಯಾ?

ಮೆಡಿಕಲ್ ಶಾಪಿನಿಂದಲೇ ಶುರು ಮಾಡೋಣ, ಯಾಕಂದ್ರೆ ಈ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಕೌಂಟರಿನ ಮೂಲೆಯಲ್ಲಿ ಒಂದು ನೋಟ್‌ಬುಕ್ ಇರುತ್ತದೆ, ಶಾರ್ಟ್ ಬುಕ್ ಅನ್ನುತ್ತಾರೆ. ಖಾಲಿಯಾಗಿದ್ದು, ಯಾರೋ ಕೇಳಿದ್ದು, ಎಲ್ಲ ಅದರಲ್ಲಿ ಬೀಳುತ್ತದೆ. ಈಗ ಕೆಲವರು ಅದನ್ನೇ ಕಂಪ್ಯೂಟರಿಗೆ ಹಾಕಿದ್ದಾರೆ. ಆಮೇಲೆ ಸ್ಟಾಕಿಸ್ಟ್‌ಗೆ, ಅಂದರೆ ಔಷಧಿಯ ಸಗಟು ವ್ಯಾಪಾರಿಗೆ, ಒಂದು ಫೋನು, ಇಲ್ಲವೇ ವಾಟ್ಸ್‌ಆ್ಯಪ್. ಊರು ದೊಡ್ಡದಾದರೆ ಸ್ಟಾಕಿಸ್ಟ್ ಕಡೆಯ ಹುಡುಗ ಬೈಕಿನಲ್ಲಿ ಬ್ಯಾಗ್ ಹಾಕಿಕೊಂಡು ದಿನಕ್ಕೆ ಒಂದೋ ಎರಡೋ ಸಲ ಬಂದೇ ಬರುತ್ತಾನೆ. ಹೇಗೂ ಬರುವ ಬ್ಯಾಗಿಗೆ ನಿಮ್ಮ ಒಂದು ಸ್ಟ್ರಿಪ್ ಸೇರುತ್ತದೆ, ಅಷ್ಟೇ. ನಿಮಗೋಸ್ಕರ ಬೇರೆ ಗಾಡಿ ಓಡಲಿಲ್ಲ. ಇಡೀ ಡಬ್ಬಿ ಕೊಳ್ಳಿ ಅಂತ ಯಾರೂ ಹಟ ಹಿಡಿಯಲಿಲ್ಲ.

ಇನ್ನು ನೀವು ಬರಲೇ ಇಲ್ಲ ಅನ್ನೋಣ. ಆ ಸ್ಟ್ರಿಪ್ ಇನ್ನೊಬ್ಬ ರೋಗಿಗೆ ಹೋಗುತ್ತದೆ. ಹೋಗದಿದ್ದರೆ ಎಕ್ಸ್‌ಪೈರಿ ಮಾಲಿನ ಜೊತೆ ಸ್ಟಾಕಿಸ್ಟ್‌ಗೆ ವಾಪಸ್. ಎಲ್ಲ ಕಂಪನಿಗಳೂ ಪೂರ್ತಿ ದುಡ್ಡು ಕೊಡುವುದಿಲ್ಲ, ತಿಂಗಳುಗಟ್ಟಲೆ ಅಲೆದಾಡಿಸುವುದೂ ಉಂಟು, ಆದರೂ ವಾಪಸ್ ಆಗುವ ದಾರಿ ಅಂತ ಒಂದಿದೆ. ಮಾರ್ಜಿನ್ ಕೂಡ ಗೊತ್ತಿರುವಂಥದ್ದೇ. ಸರ್ಕಾರ ಬೆಲೆ ಕಟ್ಟಿದ ಔಷಧಿಗಳಲ್ಲಿ 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಚಿಲ್ಲರೆ ಅಂಗಡಿಗೆ ಶೇ. 16, ಹೋಲ್‌ಸೇಲ್‌ನವರಿಗೆ ರೂಢಿಯಂತೆ ಶೇ. 8. ಉಳಿದ ಔಷಧಿಗಳಲ್ಲಿ ರೂಢಿಯಂತೆ ಶೇ. 20 ಮತ್ತು 10. ಹೆಚ್ಚು ಬರುವುದಿಲ್ಲ, ಆದರೆ ಮುಳುಗುವುದೂ ಇಲ್ಲ.

ಇದಕ್ಕಿಂತ ದೊಡ್ಡ ಕಾರಣ ಒಂದಿದೆ, ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಔಷಧ ನಿಯಮಗಳ 65ನೇ ನಿಯಮದ ಪ್ರಕಾರ ಶೆಡ್ಯೂಲ್ ಎಚ್ ಮತ್ತು ಎಕ್ಸ್ ಪಟ್ಟಿಯ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ, ಔಷಧಿಗೆ ಡಾಕ್ಟರು ಒಂದು ಬ್ರ್ಯಾಂಡ್ ಬರೆದಿದ್ದರೆ, ಅಂಗಡಿಯವರು ಅದರ ಬದಲು ಇನ್ನೊಂದನ್ನು ಕೊಡುವಂತಿಲ್ಲ, ಒಳಗಿರುವ ಔಷಧಿ ಒಂದೇ ಆಗಿದ್ದರೂ. ನಡೆಯುವುದು ಬೇರೆ, ಅದು ನಿಮಗೂ ಗೊತ್ತು ನನಗೂ ಗೊತ್ತು. ಆದರೂ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ತಿಂಗಳು ತಿಂಗಳು ತೆಗೆದುಕೊಳ್ಳುವವರು ಬ್ರ್ಯಾಂಡ್ ಬದಲಿಸಲು ಒಪ್ಪುವುದಿಲ್ಲ. ಅಂದರೆ ಇಲ್ಲಿ ‘ಇದಿಲ್ಲ, ಅದು ತಗೊಳ್ಳಿ’ ಅನ್ನುವ ಸುಲಭದ ದಾರಿ ಅರ್ಧ ಮುಚ್ಚಿದೆ. ಜೊತೆಗೆ ಆ ಗಿರಾಕಿ ಒಮ್ಮೆ ಬೇರೆ ಅಂಗಡಿಗೆ ಹೋದರೆ ಒಂದು ಸ್ಟ್ರಿಪ್ ಅಲ್ಲ, ಮುಂದಿನ ಹತ್ತು ವರ್ಷದ ಮಾತ್ರೆಯೇ ಕೈತಪ್ಪುತ್ತದೆ. ತರಿಸಿಕೊಡದೆ ಇನ್ನೇನು ಮಾಡುತ್ತಾರೆ?

ಇದೇ ಮೆಡಿಕಲ್ ಶಾಪಿನವರು ಫ್ರಿಜ್ಜಿನಲ್ಲಿ ಇಡಬೇಕಾದ ದುಬಾರಿ ಇಂಜೆಕ್ಷನ್ ಕೇಳಿದರೆ ದನಿ ಬದಲಿಸುತ್ತಾರೆ. ‘ಅಡ್ವಾನ್ಸ್ ಕೊಟ್ಟು ಹೋಗಿ, ತರಿಸಿದ ಮೇಲೆ ಬೇಡ ಅನ್ನಬಾರದು.’ ಯಾಕಂದ್ರೆ ತಂಪಿನಲ್ಲಿ ಬಂದ ಮಾಲನ್ನು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ಮನುಷ್ಯ ಅದೇ, ಅಂಗಡಿ ಅದೇ. ಮಾಲು ತಲೆಗೆ ಬೀಳುವ ಭಯ ಬಂದ ಕೂಡಲೇ ನಿಯಮ ಬದಲಾಯಿತು ನೋಡಿ. ಜನೌಷಧಿ ಕೇಂದ್ರದ್ದು ಇನ್ನೊಂದು ಕತೆ. ಅಲ್ಲಿಯ ಔಷಧಿ ಬರುವುದು ಒಂದೇ ಸರ್ಕಾರಿ ಸಂಸ್ಥೆಯ ಸರಬರಾಜಿನಿಂದ. ಅಲ್ಲಿ ಕೊರತೆ ಬಿದ್ದರೆ ಕೇಂದ್ರ ನಡೆಸುವವರು ಎಷ್ಟೇ ಒಳ್ಳೆಯವರಾದರೂ ಪಕ್ಕದ ಸ್ಟಾಕಿಸ್ಟ್‌ಗೆ ಫೋನು ಹಚ್ಚಿ ತರಿಸಲಾಗುವುದಿಲ್ಲ.

ಈಗ ದಿನಸಿ ಅಂಗಡಿಗೆ ಬನ್ನಿ. ಇಲ್ಲಿ ಕಂಪನಿಯ ಮಾಲು ಬರುವುದು ಡಿಸ್ಟ್ರಿಬ್ಯೂಟರ್‌ನಿಂದ, ಮತ್ತು ಅವರ ಸೇಲ್ಸ್‌ಮ್ಯಾನ್ ಬರುವುದು ಸಾಮಾನ್ಯವಾಗಿ ವಾರಕ್ಕೊಂದು ದಿನ, ಲೈನ್ ಪ್ರಕಾರ. ಮಂಗಳವಾರ ಸೋಪಿನವನು, ಗುರುವಾರ ಬಿಸ್ಕತ್ತಿನವನು ಅನ್ನುವ ಹಾಗೆ. ಬುಧವಾರ ನೀವು ಹೋಗಿ ಸೋಪು ಕೇಳಿದರೆ ಮುಂದಿನ ಮಂಗಳವಾರದ ತನಕ ಕಾಯಬೇಕು. ಅದೂ ಅವನು ಎಣಿಸಿ ಒಂದು ಕೊಡುವುದಿಲ್ಲ. ಡಜನ್, ಅರ್ಧ ಡಜನ್, ಕೇಸು. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ನೀವು ಕೇಳಿದ ಶಾಂಪೂ ಬಾಟಲಿ ಅಂಗಡಿಗೆ 250 ರೂಪಾಯಿಗೆ ಬೀಳುತ್ತದೆ, ಮಾರಿದರೆ 25 ಉಳಿಯುತ್ತದೆ. ಡಜನ್ ತರಿಸಿದರೆ ನಿಮ್ಮಿಂದ 25 ರೂಪಾಯಿ ಲಾಭ, ಮಿಕ್ಕ 11 ಬಾಟಲಿಯಲ್ಲಿ 2,750 ರೂಪಾಯಿ ಕೂತಿತು. ಆ ಶಾಂಪೂವನ್ನು ಆ ಬೀದಿಯಲ್ಲಿ ನೀವೊಬ್ಬರೇ ಬಳಸುವವರಾದರೆ ನಿಮ್ಮ ತಲೆ ತೊಳೆದು ಮುಗಿಯುವವರೆಗೆ ಆ ದುಡ್ಡು ಏಳುವುದಿಲ್ಲ.

ಆದರೂ ದಿನಸಿ ಅಂಗಡಿಯವರು ಎಷ್ಟೋ ಸಲ ತರಿಸಿಕೊಡುತ್ತಾರೆ, ಅಲ್ವಾ? ಹೇಗೆ ಅಂದರೆ ಅವರು ಆರ್ಡರ್ ಹಾಕುವುದೇ ಇಲ್ಲ. ಬೇರೆ ಕೆಲಸಕ್ಕೆ ಹೋಲ್‌ಸೇಲ್ ಅಂಗಡಿಗೆ ಹೋದಾಗ ನಿಮ್ಮದೊಂದು ಬಿಡಿಯಾಗಿ ಕೊಂಡು ತರುತ್ತಾರೆ. ಹಳ್ಳಿ ಅಂಗಡಿಯಲ್ಲಂತೂ ಇದೇ ರೂಢಿ. ಸಂತೆ ದಿನ ತಾಲ್ಲೂಕು ಪೇಟೆಗೆ ಹೋದಾಗ ಚೀಟಿಯಲ್ಲಿ ಯಾರ್ಯಾರಿಗೆ ಏನೇನು ಬೇಕು ಬರೆದುಕೊಂಡು ಹೋಗುತ್ತಾರೆ. ಅಲ್ಲಿ ಲಾಭ ಹೆಚ್ಚು ಕಡಿಮೆ ಸೊನ್ನೆ. ಆದರೆ ಬರೆಸಿದವನ ಮನೆಯ ಅಕ್ಕಿ, ಬೇಳೆ, ಎಣ್ಣೆ ಎಲ್ಲ ಅದೇ ಅಂಗಡಿಯಿಂದ ಹೋಗುತ್ತದೆ, ಹೆಚ್ಚಿನದು ಸಾಲದ ಪುಸ್ತಕದಲ್ಲಿ. ಒಂದು ಶಾಂಪೂ ತಂದುಕೊಡುವುದು ಆ ಲೆಕ್ಕದೊಳಗೆ ಮುಚ್ಚಿಹೋಗುತ್ತದೆ. ಹೊಸದಾಗಿ ಬೀದಿಗೆ ಬಂದ ನಿಮಗೆ ‘ಇಲ್ಲ’ ಅಂದವರು ಪಕ್ಕದ ಮನೆಯ ಅಜ್ಜಿಗೆ ‘ತರಿಸ್ತೀನಿ ಅಮ್ಮ’ ಅನ್ನುವುದು ಇದಕ್ಕೇ.

ಇನ್ನೊಂದು ಗುಟ್ಟು. ಕೆಲವು ಸಲ ಅಂಗಡಿಯವರು ‘ಕಂಪನಿಯಿಂದಲೇ ಬರ್ತಿಲ್ಲ’ ಅನ್ನುತ್ತಾರೆ. ನಿಜವಾಗಿ ಬರುತ್ತಿರುತ್ತದೆ, ಹಳೇ ಬಿಲ್ ಬಾಕಿ ಇರುವುದರಿಂದ ಡಿಸ್ಟ್ರಿಬ್ಯೂಟರ್ ಮಾಲು ಹಾಕುತ್ತಿರುವುದಿಲ್ಲ. ಇದನ್ನು ಗಿರಾಕಿಗೆ ಹೇಳಿಕೊಳ್ಳಲು ಆಗುತ್ತಾ?

ಸೂಪರ್‌ಮಾರ್ಕೆಟ್‌ಗೆ ಹೋದರೆ ಎರಡನೇ ಪ್ರಶ್ನೆ ಮುಂದೆ ಬರುತ್ತದೆ. ಅಲ್ಲಿ ಮಾಲಿಗೆ ಬರವಿಲ್ಲ, ಗೋದಾಮಿದೆ, ಲಾರಿ ದಿನಾ ಬರುತ್ತದೆ. ಆದರೆ ನಿಮ್ಮ ಎದುರಿಗಿರುವ ಹುಡುಗಿಗೆ ಒಂದು ಸೋಪಿನ ಆರ್ಡರ್ ಹಾಕುವ ಅಧಿಕಾರವೂ ಇಲ್ಲ. ಮ್ಯಾನೇಜರಿಗೂ ಅಷ್ಟಕ್ಕಷ್ಟೇ. ಯಾವ ಅಂಗಡಿಗೆ ಯಾವ ಮಾಲು, ಎಷ್ಟು, ಯಾವ ಶೆಲ್ಫಿನಲ್ಲಿ, ಎಲ್ಲ ಹೆಡ್ ಆಫೀಸಿನಲ್ಲಿ ತೀರ್ಮಾನ. ಶೆಲ್ಫಿನ ಲೆಕ್ಕ ಇಷ್ಟಕ್ಕಿಂತ ಕೆಳಗೆ ಬಂದರೆ ಸಿಸ್ಟಮ್ ತಾನೇ ಮಾಲು ಕೇಳುತ್ತದೆ. ಆ ಪಟ್ಟಿಯಲ್ಲೇ ಇಲ್ಲದ ವಸ್ತುವನ್ನು ನೀವು ಕೇಳಿದರೆ ಅದರ ಬಾರ್‌ಕೋಡ್ ಸಿಸ್ಟಮ್‌ನಲ್ಲಿ ಇಲ್ಲ, ಬಿಲ್ ಮಾಡಲಾಗುವುದಿಲ್ಲ.

ಡಿಮಾರ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ರಾಧಾಕಿಶನ್ ದಮಾನಿ 2002ರಲ್ಲಿ ಮುಂಬೈನ ಪೊವಾಯ್‌ನಲ್ಲಿ ಮೊದಲ ಅಂಗಡಿ ತೆರೆದಾಗಿನಿಂದ ಅವರ ದಾರಿ ಒಂದೇ. ಬೇಗ ಓಡುವ ಮಾಲನ್ನೇ ಇಡುವುದು, ಸರಬರಾಜುದಾರರಿಗೆ ಬೇಗ ದುಡ್ಡು ಕೊಟ್ಟು ಕಡಿಮೆಗೆ ಕೊಳ್ಳುವುದು, ಕಡಿಮೆಗೆ ಮಾರುವುದು. ಅಂಥ ಕಡೆ ನಿಂತು ‘ನನ್ನ ಬ್ರ್ಯಾಂಡ್ ತರಿಸಿಕೊಡಿ’ ಅಂದರೆ ಅವರ ವ್ಯಾಪಾರದ ಬುಡಕ್ಕೇ ಕೈ ಹಾಕಿದಂತೆ. ನೀವು ಅಲ್ಲಿಗೆ ಹೋಗಿದ್ದೇ ಕಡಿಮೆ ಬೆಲೆಗೆ. ಆ ಕಡಿಮೆ ಬೆಲೆಯ ಒಂದು ಭಾಗ ಬಂದಿರುವುದು ಯಾರ ಮಾತನ್ನೂ ಬರೆದುಕೊಳ್ಳದೆ ಇರುವುದರಿಂದ.

ಅವರಿಗೆ ಇದರಿಂದ ನಷ್ಟ ಆಗುವುದಿಲ್ಲವಾ? ಸ್ವಲ್ಪ ಆಗುತ್ತದೆ, ಆದರೆ ನಾವು ಅಂದುಕೊಂಡಷ್ಟಲ್ಲ. ಸಂಶೋಧಕ ಥಾಮಸ್ ಗ್ರೂಯೆನ್ ಮತ್ತು ಜೊತೆಗಾರರು 2002ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ದಿನಬಳಕೆಯ ವಸ್ತುಗಳಲ್ಲಿ ಸರಾಸರಿ ಶೇ. 8.3ರಷ್ಟು ಶೆಲ್ಫಿನಲ್ಲಿ ಇರಬೇಕಾದಾಗ ಇರುತ್ತಿರಲಿಲ್ಲ. ಬೇಕಾದ್ದು ಇಲ್ಲದಿದ್ದಾಗ ಜನ ಏನು ಮಾಡುತ್ತಾರೆ ಅಂದರೆ, ಶೇ. 31 ಮಂದಿ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಾರೆ. ಶೇ. 26 ಬೇರೆ ಬ್ರ್ಯಾಂಡಿಗೆ, ಶೇ. 19 ಅದೇ ಬ್ರ್ಯಾಂಡಿನ ಬೇರೆ ಸೈಜಿಗೋ ಬಗೆಗೋ ಹೋಗುತ್ತಾರೆ. ಶೇ. 9 ಕೊಳ್ಳುವುದನ್ನೇ ಬಿಡುತ್ತಾರೆ. ಕೊಳ್ಳುವುದನ್ನು ಮುಂದೂಡುವವರು ಶೇ. 15 ಮಾತ್ರ. ಅಂಗಡಿಯವರ ಕಣ್ಣಿನಿಂದ ನೋಡಿ. ಸುಮಾರು ಅರ್ಧದಷ್ಟು ಜನ ಅಲ್ಲೇ ಇರುವ ಬೇರೊಂದನ್ನು ತೆಗೆದುಕೊಂಡು ಬಿಲ್ ಮಾಡಿಸಿ ಹೋಗುತ್ತಾರೆ. ಕಾಯಲು ತಯಾರಿರುವ ಆ ಕೆಲವರಿಗಾಗಿ ಬರೆದುಕೊಳ್ಳುವ ಪುಸ್ತಕ, ಫೋನ್ ಮಾಡುವ ಸಿಬ್ಬಂದಿ, ಎತ್ತಿಡುವ ಜಾಗ ಇಷ್ಟೆಲ್ಲ ಯಾರು ಮಾಡುತ್ತಾರೆ? ಸೋಪು ಕೊಳ್ಳುವವರು ಹೊಂದಿಕೊಂಡುಬಿಡುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಸೂಪರ್‌ಮಾರ್ಕೆಟ್‌ನಲ್ಲಿ ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಸಿಸ್ಟಮ್‌ನಲ್ಲಿ ಮೂರು ಇದೆ ಅಂತ ತೋರಿಸುತ್ತದೆ, ಶೆಲ್ಫಿನಲ್ಲಿ ಒಂದೂ ಇಲ್ಲ. ಕಳುವಾಗಿರಬಹುದು, ಒಡೆದಿರಬಹುದು, ಯಾರೋ ಎಣ್ಣೆಯ ಹಿಂದೆ ಇಟ್ಟು ಹೋಗಿರಬಹುದು. ಇಲ್ಲದ ಆ ಮೂರನ್ನು ಯಾರೂ ಕೊಳ್ಳಲಾಗುವುದಿಲ್ಲ. ಲೆಕ್ಕ ಮೂರರಿಂದ ಕೆಳಗೆ ಇಳಿಯುವುದಿಲ್ಲ. ಇಳಿಯದ ಕಾರಣ ಸಿಸ್ಟಮ್ ಹೊಸ ಮಾಲು ಕೇಳುವುದಿಲ್ಲ. ಹೀಗೆ ತಿಂಗಳುಗಟ್ಟಲೆ ಖಾಲಿ ಇರಬಹುದು, ಎಲ್ಲ ಸರಿಯಾಗಿದೆ ಅನ್ನುವ ವರದಿಯ ಜೊತೆಗೇ. ಇದು ಅಪರೂಪವೂ ಅಲ್ಲ. ನಿಕೋಲ್ ಡಿಹೊರೇಷಿಯಸ್ ಮತ್ತು ಅನಂತ್ ರಾಮನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ದೊಡ್ಡ ಕಂಪನಿಯ 37 ಅಂಗಡಿಗಳ ಸುಮಾರು 3,70,000 ದಾಖಲೆ ನೋಡಿದರು, ಶೇ. 65ರಲ್ಲಿ ಕಂಪ್ಯೂಟರಿನ ಲೆಕ್ಕಕ್ಕೂ ಅಂಗಡಿಯ ಮಾಲಿಗೂ ತಾಳೆ ಇರಲಿಲ್ಲ. ಹಾಗಾಗಿ ದೊಡ್ಡ ಅಂಗಡಿಯಲ್ಲಿ ‘ಯಾವಾಗ ಬರುತ್ತೆ’ ಅಂತ ಕೇಳಬೇಡಿ. ‘ಸಿಸ್ಟಮ್‌ನಲ್ಲಿ ಎಷ್ಟು ತೋರಿಸುತ್ತೆ, ಅದನ್ನ ಸರಿ ಮಾಡಿಸಿ’ ಅನ್ನಿ. ಒಮ್ಮೊಮ್ಮೆ ಕೆಲಸ ಆಗುತ್ತದೆ.

ಚಪ್ಪಲಿ ಅಂಗಡಿಯದ್ದು ಚಿಕ್ಕ ಕತೆ. ಹೋಲ್‌ಸೇಲ್‌ನಲ್ಲಿ ಚಪ್ಪಲಿ ಬರುವುದು ಸೆಟ್ ಲೆಕ್ಕದಲ್ಲಿ, ನಡುವಿನ ಸೈಜು ಜಾಸ್ತಿ, ತುದಿಯವು ಒಂದೊಂದು. ನಿಮ್ಮ 11ನೇ ನಂಬರಿಗಾಗಿ ಇಡೀ ಸೆಟ್ ತರಿಸಲು ಯಾರಿಗೂ ಹುಚ್ಚಿಲ್ಲ. ಕಂಪನಿಯದೇ ಷೋರೂಮಾದರೆ ಬೇರೆ ಬ್ರಾಂಚಿನಲ್ಲಿದೆಯಾ ಅಂತ ನೋಡಬಹುದು. ಅಲ್ಲಿ ಮಾಲು ಒಬ್ಬರದೇ, ಬರೀ ಜಾಗ ಬದಲಾಗುತ್ತದೆ.

ಎಲೆಕ್ಟ್ರಾನಿಕ್ಸ್, ವಾಹನದ ಬಿಡಿಭಾಗಗಳ ಅಂಗಡಿಗಳು ಸಾಲಾಗಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಜೆ.ಸಿ. ರಸ್ತೆಯಲ್ಲೋ ನೋಡಿದರೆ ಇದೆಲ್ಲ ಉಲ್ಟಾ. ಎಂಟು ಅಡಿ ಅಗಲದ ಅಂಗಡಿ, ಆದರೆ ‘ಇಲ್ಲ’ ಅನ್ನುವ ಮಾತೇ ಇಲ್ಲ. ‘ಐದು ನಿಮಿಷ ಕೂತ್ಕೊಳ್ಳಿ’ ಅಂದು ಹುಡುಗನನ್ನು ಓಡಿಸುತ್ತಾರೆ, ಅವನು ಹಿಂದಿನ ಗಲ್ಲಿಯ ಅಂಗಡಿಯಿಂದ ತರುತ್ತಾನೆ, ಸಂಜೆ ಅವರವರೇ ಲೆಕ್ಕ ಮಾಡಿಕೊಳ್ಳುತ್ತಾರೆ. ಇಡೀ ರಸ್ತೆಯೇ ಒಂದು ಗೋದಾಮು. ಉಳಿದ ಮಾಲು ತಲೆಗೆ ಬೀಳುವ ಮಾತೇ ಇಲ್ಲ, ಯಾಕಂದ್ರೆ ನೀವು ದುಡ್ಡು ಕೊಟ್ಟ ಮೇಲೇ ಅವರು ಕೊಳ್ಳುವುದು. ನಿಮಗೆ ನೂರು ರೂಪಾಯಿ ಜಾಸ್ತಿ ಬಿದ್ದಿರಬಹುದು, ಅದು ಓಡಾಟದ ಕೂಲಿ ಅಂದುಕೊಳ್ಳಿ.

ಜಿಲ್ಲೆ, ತಾಲ್ಲೂಕುಗಳ ಗ್ಯಾರೇಜು ಮತ್ತು ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಈ ಕೆಲಸ ಮಾಡಿಕೊಟ್ಟಿದ್ದು ಬಸ್ಸು. ಬೆಂಗಳೂರಿನಿಂದ ಸಂಜೆ ಬಸ್ಸಿಗೆ ಹಾಕಿಸಿದರೆ ಬೆಳಿಗ್ಗೆ ಸಾಗರದಲ್ಲೋ ಸಿರಸಿಯಲ್ಲೋ ಇಳಿಸಿಕೊಳ್ಳಬಹುದು. ಖಾಸಗಿ ಬಸ್ಸಿನವರು ಮೊದಲಿನಿಂದ ಮಾಡುತ್ತಿದ್ದರು, ಕೆಎಸ್‌ಆರ್‌ಟಿಸಿಯೂ 2021ರಲ್ಲಿ ‘ನಮ್ಮ ಕಾರ್ಗೋ’ ಶುರು ಮಾಡಿತು. ಆದರೆ ಪಾರ್ಸೆಲ್‌ಗೆ ಕೊಟ್ಟ ದುಡ್ಡು ಲಾಭಕ್ಕಿಂತ ಕಡಿಮೆ ಇರಬೇಕಲ್ಲ. ಎರಡು ಸಾವಿರದ ಬಿಡಿಭಾಗಕ್ಕೆ ಇದು ಸರಿ. ಎಂಬತ್ತು ರೂಪಾಯಿ ವಾಷರಿಗೆ ಬಸ್ಸು ಹತ್ತಿಸಲು ಯಾರೂ ಒಪ್ಪುವುದಿಲ್ಲ, ‘ಹತ್ತು ಸೇರಲಿ’ ಅನ್ನುತ್ತಾರೆ.

ಪುಸ್ತಕದ ಅಂಗಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಅಲ್ಲಿ ಈ ಎಲ್ಲ ತೊಡಕೂ ಒಟ್ಟಿಗೆ ಸಿಗುತ್ತದೆ. ಜರ್ಮನಿಯಲ್ಲಿರುವ ಕನ್ನಡಿಗರನ್ನು ಕೇಳಿ ನೋಡಿ. ಅಲ್ಲಿಯ ಸಣ್ಣ ಊರಿನ ಪುಸ್ತಕದಂಗಡಿಯಲ್ಲಿ ಸಂಜೆ ಒಂದು ಪುಸ್ತಕ ಹೇಳಿದರೆ ಹೆಚ್ಚಿನ ಸಲ ಮರುದಿನ ಬೆಳಿಗ್ಗೆ ಬಂದಿರುತ್ತದೆ. ಲಿಬ್ರಿ, ಝೈಟ್‌ಫ್ರಾಖ್ಟ್‌ನಂಥ ಸಗಟು ಕಂಪನಿಗಳು ಲಕ್ಷಗಟ್ಟಲೆ ಪುಸ್ತಕ ಇಟ್ಟುಕೊಂಡು ರಾತ್ರೋರಾತ್ರಿ ಗಾಡಿ ಓಡಿಸುತ್ತವೆ. ಎಲ್ಲ ಅಂಗಡಿಗೂ ಹೇಗೂ ಹೋಗುವ ಗಾಡಿ. ನಮ್ಮ ಔಷಧಿ ಸ್ಟಾಕಿಸ್ಟ್ ಹುಡುಗನ ಬ್ಯಾಗು ನೆನಪಾಗಲಿಲ್ಲವಾ? ಅದರ ಮೇಲೆ 2002ರ ಕಾನೂನಿನ ಪ್ರಕಾರ ಅಲ್ಲಿ ಹೊಸ ಪುಸ್ತಕದ ಬೆಲೆ ಎಲ್ಲ ಕಡೆ ಒಂದೇ, ಅಮೆಜಾನ್‌ನಲ್ಲೂ ಅಷ್ಟೇ, ಮೂಲೆಯ ಅಂಗಡಿಯಲ್ಲೂ ಅಷ್ಟೇ. ತರಿಸಿಟ್ಟ ಪುಸ್ತಕವನ್ನು ಬಿಟ್ಟು ಗಿರಾಕಿ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕೊಂಡಾನು ಅನ್ನುವ ಭಯ ಅಂಗಡಿಯವರಿಗಿಲ್ಲ.

ಕನ್ನಡ ಪುಸ್ತಕದಲ್ಲಿ ಇದರಲ್ಲಿ ಯಾವುದೂ ಇಲ್ಲ. ಎಷ್ಟೋ ಪುಸ್ತಕಗಳು ಅಚ್ಚಾಗುವುದೇ 500 ಅಥವಾ 1000 ಪ್ರತಿ. ಪ್ರಕಾಶಕರು ಧಾರವಾಡದಲ್ಲಿ ಒಬ್ಬರು, ಶಿವಮೊಗ್ಗದಲ್ಲಿ ಒಬ್ಬರು, ಹಲವು ಕಡೆ ಬರೆದವರೇ ಪ್ರಕಾಶಕರು, ಮನೆಯ ಅಟ್ಟವೇ ಗೋದಾಮು. ಯಾವ ಪುಸ್ತಕ ಯಾರ ಬಳಿ ಎಷ್ಟು ಪ್ರತಿ ಉಳಿದಿದೆ ಅನ್ನುವ ಒಂದು ಪಟ್ಟಿ ಇಲ್ಲ, ಒಬ್ಬೊಬ್ಬರಿಗೇ ಫೋನು ಮಾಡಿ ಕೇಳಬೇಕು. 150 ರೂಪಾಯಿ ಪುಸ್ತಕದ ಒಂದೇ ಪ್ರತಿ ತರಿಸಿದರೆ ಅಂಗಡಿಯ ಕಮಿಷನ್ ಕೊರಿಯರ್‌ಗೇ ಹೋಗುತ್ತದೆ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದ್ದು ಇದನ್ನು ಇನ್ನಷ್ಟು ಕೆಡಿಸಿತು. ಸಪ್ನ, ನವಕರ್ನಾಟಕದಂಥವರಿಗೆ ಹಲವು ಊರಿನಲ್ಲಿ ಮಳಿಗೆ ಇದೆ, ಸ್ವಂತ ಪ್ರಕಟಣೆಯೂ ಇದೆ. ಹೇಗೂ ಓಡಾಡುವ ಕಟ್ಟಿನಲ್ಲಿ ಒಂದು ಪ್ರತಿ ಸೇರಿಸಲು ಅವರಿಗೆ ದಾರಿ ಇದೆ. ಒಂಟಿ ಅಂಗಡಿಯವರಿಗೆ ಇಲ್ಲ. ಹಾಗಿದ್ದೂ ಹುಡುಕಿ ತರಿಸಿಕೊಡುವ ಪುಸ್ತಕದ ಅಂಗಡಿಯವರು ಇದ್ದಾರೆ, ಅವರದು ಲೆಕ್ಕಕ್ಕೆ ಸಿಗದ ಹುಚ್ಚು. ಈ ಲೇಖನದಲ್ಲಿ ಗುಣದ ಮೇಲೆ ಹಾಕಬಹುದಾದವರು ಅಂದರೆ ಅವರೇ.

ಗಿರಾಕಿಗಳದ್ದೂ ಇಲ್ಲಿ ದೊಡ್ಡ ಪಾಲಿದೆ. ‘ತರಿಸಿಡಿ’ ಅಂತ ಹೇಳಿ ಹೋದವರು ದಾರಿಯಲ್ಲೇ ಮೊಬೈಲ್ ತೆಗೆದು ಆರ್ಡರ್ ಮಾಡಿಬಿಡುತ್ತಾರೆ. ಅಂಗಡಿಯವರಿಗೆ ತಿಳಿಸುವುದಿಲ್ಲ. ಎರಡು ಮೂರು ಸಲ ಹೀಗಾದ ಮೇಲೆ ಅಂಗಡಿಯವರು ಅಡ್ವಾನ್ಸ್ ಕೇಳುತ್ತಾರೆ, ಅಡ್ವಾನ್ಸ್ ಕೇಳಿದರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಅನ್ನುವ ಕೋಪ. ಅಡ್ವಾನ್ಸ್ ಕೇಳಲು ಮುಜುಗರಪಡುವ ಅಂಗಡಿಯವರು ಸುಮ್ನೆ ‘ಇಲ್ಲ’ ಅಂದುಬಿಡುತ್ತಾರೆ. ನನ್ನ ಪ್ರಕಾರ ಎಷ್ಟೋ ‘ಸ್ಟಾಕ್ ಇಲ್ಲ’ಗಳ ಒಳಗಿರುವುದು ಇದೇ.

ಆದ್ದರಿಂದ ನಿಜಕ್ಕೂ ತರಿಸಿಕೊಳ್ಳಬೇಕು ಅಂದರೆ ಕೇಳುವ ಕ್ರಮ ಬದಲಿಸಿ. ವಸ್ತುವಿನ ಪ್ಯಾಕೆಟ್ಟಿನ ಫೋಟೊ, ಸ್ಪೇರ್ ಆದರೆ ಪಾರ್ಟ್ ನಂಬರ್, ಪುಸ್ತಕವಾದರೆ ಪ್ರಕಾಶಕರ ಹೆಸರು ಕೊಡಿ. ‘ನಿಮ್ಮ ಲೈನ್ ಯಾವತ್ತು’ ಅಂತ ಕೇಳಿ, ಅದರ ಹಿಂದಿನ ದಿನ ನೆನಪಿಸಿ. ಎಷ್ಟು ಬಿಡಿಯಾಗಿ ಸಿಗುತ್ತೆ ಕೇಳಿ, ಆರು ಕೊಳ್ಳಲೇಬೇಕು ಅಂದರೆ ಮೂರು ನೀವೇ ತೆಗೆದುಕೊಳ್ಳಿ. ಅವರು ಬಾಯಿಬಿಡುವ ಮೊದಲೇ ಅರ್ಧ ದುಡ್ಡು ಮುಂದಿಡಿ. ಇದಾದ ಮೇಲೂ ‘ಇಲ್ಲ’ ಅಂದರೆ ಅದು ನಿಜವಾದ ಇಲ್ಲ.

ಇನ್ನು ಈಗಿನ ಬದಲಾವಣೆ. ಬ್ಲಿಂಕಿಟ್, ಝೆಪ್ಟೊ, ಇನ್‌ಸ್ಟಾಮಾರ್ಟ್‌ನಂಥವು ಕೆಲವೇ ನಿಮಿಷಗಳಲ್ಲಿ ತಂದುಕೊಡುತ್ತವೆ, ಆದರೆ ತಮ್ಮ ಗೋದಾಮಿನಲ್ಲಿ ಇರುವುದನ್ನು ಮಾತ್ರ. ಇಲ್ಲದಿದ್ದರೆ ಒಂದು ಬೆಲ್ಲಿನ ಗುರುತು ತೋರಿಸಿ ‘ಬಂದಾಗ ತಿಳಿಸುತ್ತೇವೆ’ ಅನ್ನುತ್ತವೆ. ನಿಮಗೋಸ್ಕರ ಒಂದನ್ನು ತರಿಸುವ ಏರ್ಪಾಡು ಅಲ್ಲಿಲ್ಲ. ಹಾಗಾದರೆ ತರಿಸಿಕೊಡುವ ಗುಣದಿಂದಲೇ ಬೀದಿಯ ಅಂಗಡಿ ಉಳಿದೀತು ಅಂತ ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಬೀದಿಯ ಅಂಗಡಿಗೆ ತರಿಸುವ ಶಕ್ತಿ ಬಂದಿರುವುದು ಡಿಸ್ಟ್ರಿಬ್ಯೂಟರ್‌ನ ಲೈನ್‌ನಿಂದ, ಮತ್ತು ಆ ಲೈನ್ ಓಡುವುದು ಬಿಸ್ಕತ್ತು, ಸೋಪಿನಂಥ ಬೇಗ ಹೋಗುವ ಮಾಲಿನ ಬಿಲ್ಲಿನ ಮೇಲೆ. ಆ ಮಾಲನ್ನೇ ಆ್ಯಪ್‌ಗಳು ಕಿತ್ತುಕೊಳ್ಳುತ್ತಿವೆ. ಡಿಸ್ಟ್ರಿಬ್ಯೂಟರ್‌ಗಳ ಅಖಿಲ ಭಾರತ ಒಕ್ಕೂಟ 2024ರ ಅಕ್ಟೋಬರಿನಲ್ಲಿ ಈ ಮೂರೂ ಕಂಪನಿಗಳ ಬೆಲೆ ನೀತಿಯ ಬಗ್ಗೆ, ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಸ್ಪರ್ಧಾ ಆಯೋಗಕ್ಕೆ ದೂರು ಬರೆದಿದ್ದು ಈ ಕಾರಣಕ್ಕೇ. ಅಂಗಡಿಯ ಬಿಲ್ಲು ಅರ್ಧಕ್ಕೆ ಇಳಿದರೆ ಸೇಲ್ಸ್‌ಮ್ಯಾನ್ ವಾರಕ್ಕೊಮ್ಮೆ ಬರುವುದು ಹದಿನೈದು ದಿನಕ್ಕೊಮ್ಮೆ ಆಗುತ್ತದೆ. ಆಗ ನೀವು ಶಾಂಪೂ ಕೇಳಿದರೆ, ತರಿಸಲು ಮನಸ್ಸಿರುವ ಅಂಗಡಿಯವರಿಗೂ ಚೀಟಿ ಯಾರ ಕೈಯಲ್ಲಿ ಕೊಡಬೇಕು ಅನ್ನುವುದೇ ತಿಳಿಯುವುದಿಲ್ಲ.